ಎಡ್ವರ್ಡ್ ಜೆನ್ನರ್: ತೋಟದ ಗುಡಿಸಿಲಲ್ಲಿ ಊರ ಮಕ್ಕಳಿಗೆ ಪುಕ್ಕಟೆ ಲಸಿಕೆ ಹಾಕಿದ ಹಳ್ಳಿ ಡಾಕ್ಟರು

ಲಸಿಕೆಯ ಬಗ್ಗೆ ಫೋನಿನಿಂದ ಫೋನಿಗೆ ಓಡಾಡುವ ಸಂದೇಶಗಳಲ್ಲಿ ಎಡ್ವರ್ಡ್ ಜೆನ್ನರ್ ಹೆಸರು ಆಗಾಗ ಬರುತ್ತದೆ. ಒಂದು ಸಂದೇಶದ ಪ್ರಕಾರ ಸಿಡುಬಿನ ಲಸಿಕೆ ಅವರದ್ದೇ ಅಲ್ಲ, ಧನ್ವಂತರಿ ಸಾವಿರಾರು ವರ್ಷ ಮೊದಲೇ ಸಂಸ್ಕೃತದಲ್ಲಿ ಬರೆದಿಟ್ಟಿದ್ದ. ಇನ್ನೊಂದರ ಪ್ರಕಾರ ಲಸಿಕೆ ಕಂಡುಹಿಡಿದ ಮನುಷ್ಯ ತನ್ನ ಸ್ವಂತ ಮಗನಿಗೇ ಅದನ್ನು ಹಾಕಿಸಲಿಲ್ಲ. ಮೂರನೆಯದು ನಾವು ಶಾಲೆಯಲ್ಲಿ ಓದಿದ ಚೆಂದದ ಕಥೆ: ಹಾಲು ಕರೆಯುವ ಸುಂದರಿಯೊಬ್ಬಳು ತನಗೆ ಸಿಡುಬು ಬರುವುದೇ ಇಲ್ಲ ಎಂದಳು, ಬಾಲಕ ಜೆನ್ನರ್ ಅದನ್ನು ಕೇಳಿಸಿಕೊಂಡ, ಲಸಿಕೆ ಹುಟ್ಟಿತು.

ಮೊದಲನೆಯದು ಸುಳ್ಳು. ಎರಡನೆಯದು ಅರ್ಧ ಸತ್ಯ, ಅಂದರೆ ಸುಳ್ಳಿಗಿಂತ ಅಪಾಯ. ಮೂರನೆಯದು ಕಟ್ಟುಕಥೆ ಎನ್ನುವುದಕ್ಕೆ ಒಳ್ಳೆಯ ಆಧಾರಗಳಿವೆ. ಈ ಮೂರರ ನಡುವೆ ಕಳೆದುಹೋದ ಮನುಷ್ಯ ಮಾತ್ರ ನಿಜಕ್ಕೂ ಕುತೂಹಲ ಹುಟ್ಟಿಸುವಂಥವರು. ಅವರು ದೊಡ್ಡ ಪ್ರಯೋಗಾಲಯದ ವಿಜ್ಞಾನಿಯಲ್ಲ. ಕುದುರೆ ಏರಿ ಮನೆ ಮನೆಗೆ ಹೋಗಿ ಜ್ವರ, ಹೆರಿಗೆ, ಮುರಿದ ಮೂಳೆ ನೋಡುತ್ತಿದ್ದ ಊರ ಡಾಕ್ಟರು.

ಕುದುರೆ ಲಾಯದಲ್ಲಿ ಕಳೆದ ಬಾಲ್ಯ

ಜೆನ್ನರ್ ಹುಟ್ಟಿದ್ದು 1749ರ ಮೇ 17ರಂದು, ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಸೀಮೆಯ ಬರ್ಕ್ಲಿ ಎಂಬ ಸಣ್ಣ ಊರಿನಲ್ಲಿ. ಸೆವರ್ನ್ ನದಿಯ ಬದಿಯ ಹಸಿರು ಬಯಲು, ತುಂಬ ದನ, ತುಂಬ ಹಾಲು, ಚೀಸ್ ಮಾಡುವ ಮನೆಗಳು. ತಂದೆ ಊರಿನ ಪಾದ್ರಿ. ಒಂಬತ್ತು ಮಕ್ಕಳಲ್ಲಿ ಜೆನ್ನರ್ ಎಂಟನೆಯವರು. ಐದು ವರ್ಷ ತುಂಬಿದ ಆಸುಪಾಸಿನಲ್ಲೇ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಅಣ್ಣಂದಿರೂ ಅಕ್ಕಂದಿರೂ ಬೆಳೆಸಿದರು.

ಆಗ ಸಿಡುಬು ಎಂದರೆ ಏನು ಎನ್ನುವುದು ಇಂದಿನ ಅಪ್ಪ ಅಮ್ಮಂದಿರಿಗೆ ಊಹಿಸುವುದೂ ಕಷ್ಟ. ರೋಗ ತಗುಲಿದ ನೂರು ಜನರಲ್ಲಿ ಇಪ್ಪತ್ತರಿಂದ ಮೂವತ್ತು ಮಂದಿ ಸಾಯುತ್ತಿದ್ದರು, ಮಕ್ಕಳಲ್ಲಿ ಇನ್ನೂ ಹೆಚ್ಚು. ಉಳಿದವರ ಮುಖದಲ್ಲಿ ಕುಳಿ ಬೀಳುತ್ತಿತ್ತು, ಹಲವರ ಕಣ್ಣು ಹೋಗುತ್ತಿತ್ತು. ಹದಿನೆಂಟನೇ ಶತಮಾನದ ಯುರೋಪಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಜನ ಇದರಿಂದ ಸತ್ತರೆಂಬ ಅಂದಾಜಿದೆ. ನಮ್ಮಲ್ಲೂ ಬೇರೆ ಕಥೆಯಲ್ಲ. ಅಮ್ಮ ಬಂದಿದ್ದಾಳೆ ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಕಾಯುತ್ತಿದ್ದ ಮನೆಗಳಿಗೆ ಔಷಧ ಎಂಬುದೇ ಇರಲಿಲ್ಲ.

ಔಷಧ ಇರದಿದ್ದರೂ ತಡೆಯುವ ಒಂದು ಉಪಾಯ ಇತ್ತು, ಅದು ಜೆನ್ನರ್‌ಗಿಂತ ಬಹಳ ಹಳೆಯದು. ಸಿಡುಬು ಸೌಮ್ಯವಾಗಿ ಬಂದವರ ಗುಳ್ಳೆಯಿಂದ ಕೀವು ತೆಗೆದು, ಆರೋಗ್ಯವಂತರ ತೋಳಿನಲ್ಲಿ ಗೀರಿ ಹಚ್ಚುವುದು. ಭಾರತ, ತುರ್ಕಿ, ಆಫ್ರಿಕಾದ ಕೆಲವು ಭಾಗಗಳಲ್ಲಿ ಇದು ರೂಢಿಯಲ್ಲಿತ್ತು. ಬಂಗಾಳದಲ್ಲಿ ಟೀಕಾದಾರರು ಎಂಬ ಕಸುಬುದಾರರೇ ಇದಕ್ಕಿದ್ದರು. ತುರ್ಕಿಯಲ್ಲಿ ಇದನ್ನು ಕಂಡ ಲೇಡಿ ಮೇರಿ ವರ್ಟ್ಲಿ ಮಾಂಟೆಗ್ಯು 1721ರಲ್ಲಿ ಲಂಡನ್ನಿನಲ್ಲಿ ತಮ್ಮ ಮಗಳಿಗೇ ಮಾಡಿಸಿದರು. ಹೀಗೆ ಚುಚ್ಚಿಸಿಕೊಂಡವರಲ್ಲಿ ಸಾಯುತ್ತಿದ್ದವರು ನೂರಕ್ಕೆ ಒಬ್ಬಿಬ್ಬರು. ಮೂವತ್ತು ಸಾವಿಗೆ ಹೋಲಿಸಿದರೆ ದೊಡ್ಡ ಲಾಭವೇ. ಆದರೆ ಇದರಲ್ಲಿ ಎರಡು ತೊಡಕುಗಳಿದ್ದವು. ಚುಚ್ಚಿದ್ದು ಅಸಲಿ ಸಿಡುಬೇ ಆದ್ದರಿಂದ ಕೆಲವರಿಗೆ ಅದು ಜೋರಾಗಿಯೇ ಬರುತ್ತಿತ್ತು. ಜೊತೆಗೆ ಚುಚ್ಚಿಸಿಕೊಂಡವರಿಂದ ಅಕ್ಕಪಕ್ಕದವರಿಗೂ ರೋಗ ಹರಡಬಹುದಿತ್ತು.

ಜೆನ್ನರ್‌ಗೆ ಎಂಟರ ಆಸುಪಾಸಿನ ವಯಸ್ಸಿನಲ್ಲಿ, 1757ರಲ್ಲಿ, ಇದನ್ನೇ ಮಾಡಿಸಿದರು. ಆಗಿನ ಇಂಗ್ಲೆಂಡಿನ ವೈದ್ಯರು ಸರಳವಾದ ಈ ಕೆಲಸಕ್ಕೆ ತಮ್ಮದೇ ಶಾಸ್ತ್ರ ಸೇರಿಸಿದ್ದರು. ವಾರಗಟ್ಟಲೆ ಅರೆಹೊಟ್ಟೆ ಊಟ, ಮತ್ತೆ ಮತ್ತೆ ರಕ್ತ ತೆಗೆಯುವುದು, ಭೇದಿಗೆ ಕೊಡುವುದು. ಹುಡುಗ ಸೊರಗಿ ಕಡ್ಡಿಯಾದ ಮೇಲೆ ಕೀವು ಚುಚ್ಚಿ, ಚುಚ್ಚಿಸಿಕೊಂಡ ಬೇರೆ ಮಕ್ಕಳ ಜೊತೆ ಕುದುರೆ ಲಾಯದಂಥ ಜಾಗದಲ್ಲಿ ಇಟ್ಟರು. ಬದುಕಿ ಬಂದರು. ಆದರೆ ಆ ದಿನಗಳ ನೆನಪು, ನಿದ್ದೆ ಬಾರದ ರಾತ್ರಿಗಳು ಬಹಳ ವರ್ಷ ಕಾಡಿದವು. ಮಗುವಿಗೆ ರೋಗ ತಡೆಯಲು ಹೋಗಿ ಮಗುವನ್ನೇ ಹಿಂಸಿಸಬಾರದು ಎನ್ನುವುದು ಅವರಿಗೆ ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ.

ಹೇಳಿದ್ದನ್ನು ನಂಬಬೇಡ, ಮಾಡಿ ನೋಡು

ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಜೆನ್ನರ್ ಹತ್ತಿರದ ಚಿಪ್ಪಿಂಗ್ ಸಾಡ್ಬರಿಯಲ್ಲಿ ಲಡ್ಲೊ ಎಂಬ ಶಸ್ತ್ರವೈದ್ಯರ ಬಳಿ ಕಲಿಯಲು ಸೇರಿದರು. 1770ರಲ್ಲಿ ಲಂಡನ್ನಿಗೆ ಹೋಗಿ ಜಾನ್ ಹಂಟರ್ ಎಂಬ ಪ್ರಸಿದ್ಧ ಶಸ್ತ್ರವೈದ್ಯರ ಮನೆಯಲ್ಲೇ ಇದ್ದು ಕಲಿತರು. ಹಂಟರ್ ಒರಟು ಮನುಷ್ಯ, ಆದರೆ ಶಿಷ್ಯನಿಗೆ ಒಂದು ಪಾಠವನ್ನು ಚೆನ್ನಾಗಿ ಕಲಿಸಿದರು: ಕೂತು ಊಹೆ ಮಾಡುವ ಬದಲು ಪ್ರಯೋಗ ಮಾಡಿ ನೋಡಬೇಕು. ಕ್ಯಾಪ್ಟನ್ ಕುಕ್ ಮೊದಲ ಸಮುದ್ರಯಾನದಿಂದ ತಂದಿದ್ದ ಪ್ರಾಣಿ ಸಸ್ಯಗಳ ಮಾದರಿಗಳನ್ನು ಜೋಡಿಸುವ ಕೆಲಸವೂ ಜೆನ್ನರ್‌ಗೆ ಸಿಕ್ಕಿತು. ಎರಡನೇ ಯಾನಕ್ಕೆ ಬರುವಂತೆ ಕರೆ ಬಂದಾಗ ಒಲ್ಲೆ ಎಂದು ಊರಿಗೆ ಮರಳಿ ವೈದ್ಯವೃತ್ತಿ ಹಿಡಿದರು. ವಯಸ್ಸು ಇಪ್ಪತ್ತನಾಲ್ಕರ ಸುಮಾರು.

ಊರಲ್ಲಿ ಅವರಿಗೆ ಹಲವು ಹುಚ್ಚುಗಳಿದ್ದವು. ಪಿಟೀಲು, ಕೊಳಲು, ಹಾಸ್ಯದ ಪದ್ಯಗಳು. 1784ರಲ್ಲಿ ಜಲಜನಕದ ಬಲೂನ್ ಮಾಡಿ ಹಾರಿಬಿಟ್ಟರು. ಕೋಗಿಲೆ ಜಾತಿಯ ಕುಕ್ಕೂ ಹಕ್ಕಿ ಬೇರೆ ಹಕ್ಕಿಯ ಗೂಡಿನಲ್ಲಿ ಮೊಟ್ಟೆ ಇಡುತ್ತದಲ್ಲ, ಆ ಮನೆಯ ಮರಿಗಳನ್ನು ಹೊರಗೆ ದಬ್ಬುವುದು ತಾಯಿಯಲ್ಲ, ಆಗಷ್ಟೇ ಹುಟ್ಟಿದ, ಕಣ್ಣೂ ಬಿಡದ ಕುಕ್ಕೂ ಮರಿ ಎಂದು ಕಣ್ಣಾರೆ ನೋಡಿ ಬರೆದರು. ಇದಕ್ಕಾಗಿಯೇ 1789ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಸಿಕ್ಕಿತು. ಹಲವರು ನಂಬಲಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಕ್ಯಾಮೆರಾ ಬಂದು ಅವರು ಹೇಳಿದ್ದು ನಿಜ ಎಂದು ತೋರಿಸಿತು.

ವೈದ್ಯರಾಗಿ ಅವರ ಸ್ವಭಾವ ಎಂಥದ್ದು ಎನ್ನಲು ನನಗೆ ಲಸಿಕೆಗಿಂತ ಇನ್ನೊಂದು ಸಂಗತಿ ಹೆಚ್ಚು ಮುಖ್ಯ ಅನ್ನಿಸುತ್ತದೆ. ಎದೆನೋವಿನಿಂದ ಸತ್ತವರ ಶವಪರೀಕ್ಷೆ ಮಾಡುವಾಗ ಹೃದಯದ ರಕ್ತನಾಳಗಳು ಗಟ್ಟಿಯಾಗಿರುವುದನ್ನು ಅವರು ಗಮನಿಸಿದ್ದರು. ಎದೆನೋವಿಗೆ ಇದೇ ಕಾರಣ ಇರಬಹುದೆಂದು ಅನುಮಾನಿಸಿದವರಲ್ಲಿ ಅವರು ಮೊದಲಿಗರು. ಆದರೆ ಪ್ರಕಟಿಸಲಿಲ್ಲ. ಗುರು ಹಂಟರ್‌ಗೆ ಅದೇ ಎದೆನೋವು ಇದೆ ಎಂದು ಅವರಿಗೆ ಗೊತ್ತಾಗಿತ್ತು. ಗುಣಪಡಿಸಲಾಗದ ರೋಗದ ಸುದ್ದಿಯನ್ನು ಗುರು ಅಚ್ಚಿನಲ್ಲಿ ಓದುವುದು ಬೇಡ ಎಂದು ಸುಮ್ಮನಿದ್ದರು. 1793ರಲ್ಲಿ ಹಂಟರ್ ಸತ್ತಾಗ ಶವಪರೀಕ್ಷೆಯಲ್ಲಿ ಕಂಡದ್ದು ಜೆನ್ನರ್ ಅನುಮಾನಿಸಿದ್ದನ್ನೇ.

ಹಾಲು ಕರೆಯುವವಳ ಕಥೆ

ದನ ಸಾಕುವ ಆ ಸೀಮೆಯಲ್ಲಿ ಹಸುವಿನ ಕೆಚ್ಚಲಿಗೆ ಒಂದು ಬಗೆಯ ಗುಳ್ಳೆ ಬರುತ್ತಿತ್ತು. ಅದು ಹಾಲು ಕರೆಯುವವರ ಕೈಗೆ ಹತ್ತುತ್ತಿತ್ತು. ನಾಲ್ಕಾರು ಗುಳ್ಳೆ, ಸ್ವಲ್ಪ ಜ್ವರ, ಆಮೇಲೆ ವಾಸಿ. ಇದು ಹಸುವಿನ ಸಿಡುಬು. ಇದು ಬಂದವರಿಗೆ ದೊಡ್ಡ ಸಿಡುಬು ಬರುವುದಿಲ್ಲ ಎನ್ನುವ ಮಾತು ಹೈನುಗಾರರ ನಡುವೆ ಓಡಾಡುತ್ತಿತ್ತು.

ಜೆನ್ನರ್‌ಗೆ ಈ ವಿಷಯ ಹೇಳಿದ್ದು ಸುಂದರಿಯಾದ ಹಾಲು ಕರೆಯುವವಳು ಎನ್ನುವ ಕಥೆ ಅವರ ಬರಹಗಳಲ್ಲಿ ಎಲ್ಲೂ ಇಲ್ಲ. ಅವರು ತೀರಿಕೊಂಡ ಮೇಲೆ ಗೆಳೆಯ ಜಾನ್ ಬ್ಯಾರನ್ ಬರೆದ ಜೀವನಚರಿತ್ರೆಯಿಂದ ಅದು ಬೆಳೆಯಿತು. ಪಕ್ಕದ ಥಾರ್ನ್‌ಬರಿಯ ವೈದ್ಯ ಜಾನ್ ಫ್ಯೂಸ್ಟರ್ 1768ರ ಸುಮಾರಿಗೇ ಒಂದು ವಿಚಿತ್ರ ಗಮನಿಸಿದ್ದರು: ಅಸಲಿ ಸಿಡುಬಿನ ಕೀವು ಚುಚ್ಚಿದರೂ ಕೆಲವು ರೈತರಿಗೆ ಏನೂ ಆಗುತ್ತಿರಲಿಲ್ಲ, ವಿಚಾರಿಸಿದರೆ ಅವರಿಗೆ ಮೊದಲೇ ಹಸುವಿನ ಸಿಡುಬು ಬಂದಿತ್ತು. ಊರಿನ ವೈದ್ಯರು ಸೇರುತ್ತಿದ್ದ ಕೂಟಗಳಿಂದ ಜೆನ್ನರ್‌ಗೆ ವಿಷಯ ಗೊತ್ತಾಗಿರಬೇಕು ಎಂದು ಇತ್ತೀಚಿನ ಸಂಶೋಧಕರು ಹೇಳುತ್ತಾರೆ. ಕಥೆಯ ಸೊಗಸು ಸ್ವಲ್ಪ ಕಡಿಮೆಯಾಯಿತು, ನಿಜ.

ಮೊದಲು ಚುಚ್ಚಿದವರೂ ಜೆನ್ನರ್ ಅಲ್ಲ. ಡಾರ್ಸೆಟ್ ಸೀಮೆಯ ರೈತ ಬೆಂಜಮಿನ್ ಜೆಸ್ಟಿ 1774ರಲ್ಲಿ, ಊರಿಗೆ ಸಿಡುಬು ಬಂದಾಗ, ಹಸುವಿನ ಗುಳ್ಳೆಯ ರಸವನ್ನು ಹೆಂಡತಿಗೂ ಇಬ್ಬರು ಗಂಡುಮಕ್ಕಳಿಗೂ ಉಣ್ಣೆ ಹೆಣೆಯುವ ಸೂಜಿಯಿಂದ ಚುಚ್ಚಿದ್ದ. ಹೆಂಡತಿಯ ತೋಳು ಬಾತು ಪ್ರಾಣಕ್ಕೇ ಬಂದಿತ್ತು. ಉಳಿದರು. ನೆರೆಹೊರೆಯವರು ಅವನನ್ನು ಬೈದು ಬೆನ್ನಟ್ಟಿದರು. ಅವನದು ದೊಡ್ಡ ಧೈರ್ಯವೇ. ಆದರೆ ತನ್ನ ಮನೆಯವರನ್ನು ಉಳಿಸಿಕೊಂಡು ಅವನು ಸುಮ್ಮನಾದ. ಮುಂದೆ ಅವರಿಗೆ ಸಿಡುಬು ಬರದೇ ಇದ್ದದ್ದು ಈ ಚುಚ್ಚುವಿಕೆಯಿಂದಲೋ ಅದೃಷ್ಟದಿಂದಲೋ ಎಂದು ಬೇರೆಯವರು ನಂಬುವಂತೆ ತೋರಿಸಲಿಲ್ಲ. ಜೆನ್ನರ್ ಮಾಡಿದ್ದು ಆ ಕೆಲಸ. ಊರ ಮಾತನ್ನು ಪರೀಕ್ಷೆಗೆ ಒಡ್ಡಿ, ಫಲಿತಾಂಶ ಬರೆದಿಟ್ಟು, ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದಾದಂತೆ ಪ್ರಕಟಿಸಿದ್ದು.

1796ರ ಮೇ 14ರಂದು ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವ ಹೆಣ್ಣುಮಗಳ ಕೈಯ ಗುಳ್ಳೆಯಿಂದ ರಸ ತೆಗೆದು, ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಹುಡುಗನ ತೋಳಿನಲ್ಲಿ ಎರಡು ಗೀರು ಹಾಕಿ ಹಚ್ಚಿದರು. ಹುಡುಗನ ತಂದೆ ಕೂಲಿ ಮಾಡಿ ಬದುಕುತ್ತಿದ್ದವನು, ಜೆನ್ನರ್ ಅವರ ತೋಟದಲ್ಲೂ ಕೆಲಸ ಮಾಡುತ್ತಿದ್ದ. ರೋಗ ಕೊಟ್ಟ ಹಸುವಿನ ಹೆಸರು ಬ್ಲಾಸಮ್. ಅದರ ಚರ್ಮ ಈಗಲೂ ಲಂಡನ್ನಿನ ಸೇಂಟ್ ಜಾರ್ಜ್ಸ್ ವೈದ್ಯಕೀಯ ಶಾಲೆಯಲ್ಲಿದೆ. ಒಂದು ವಾರದ ನಂತರ ಹುಡುಗನಿಗೆ ಕಂಕುಳಲ್ಲಿ ನೋವು, ಸ್ವಲ್ಪ ಚಳಿ, ಊಟ ಸೇರದು. ಮರುದಿನ ಸರಿಹೋದ. ಜುಲೈ 1ರಂದು ಅದೇ ಹುಡುಗನಿಗೆ ಅಸಲಿ ಸಿಡುಬಿನ ಕೀವು ಚುಚ್ಚಿದರು. ಏನೂ ಆಗಲಿಲ್ಲ.

ಇಂದು ಹೀಗೆ ಒಂದು ಮಗುವಿನ ಮೇಲೆ ಪ್ರಯೋಗ ಮಾಡಿದರೆ ಡಾಕ್ಟರು ಜೈಲಿಗೆ ಹೋಗುತ್ತಾರೆ, ಹೋಗಬೇಕು ಕೂಡ. ಆದರೆ ಲಸಿಕೆ ವಿರೋಧಿಸುವ ಸಂದೇಶಗಳು ಬಿಟ್ಟುಬಿಡುವ ಮಾತೊಂದಿದೆ. ಎರಡನೇ ಬಾರಿ ಚುಚ್ಚಿದ್ದು ಆಗಿನ ಇಂಗ್ಲೆಂಡಿನಲ್ಲಿ ಮಕ್ಕಳಿಗೆ ರೂಢಿಯಲ್ಲಿ ಚುಚ್ಚುತ್ತಿದ್ದ ಕೀವನ್ನೇ. ಫಿಪ್ಸ್‌ಗೆ ಹೊಸದಾಗಿದ್ದದ್ದು ಅದಕ್ಕೆ ಮೊದಲು ಹಾಕಿದ ಹಸುವಿನ ಸಿಡುಬು ಮಾತ್ರ.

ಒಬ್ಬನೇ ಹುಡುಗನ ಫಲಿತಾಂಶ ಸಾಲದು ಎಂದು ರಾಯಲ್ ಸೊಸೈಟಿ ಬರಹವನ್ನು ಹಿಂತಿರುಗಿಸಿತು. ಆ ತಕರಾರು ನ್ಯಾಯವಾದದ್ದೇ. ಆಮೇಲೆ ಸುತ್ತಲಿನ ಕೊಟ್ಟಿಗೆಗಳಲ್ಲಿ ಹಸುವಿನ ಸಿಡುಬೇ ಕಾಣೆಯಾಯಿತು. ಜೆನ್ನರ್ ಸುಮಾರು ಎರಡು ವರ್ಷ ಕಾದರು. 1798ರ ವಸಂತದಲ್ಲಿ ಅದು ಮತ್ತೆ ಕಂಡಾಗ ಇನ್ನಷ್ಟು ಮಕ್ಕಳಿಗೆ ಹಾಕಿದರು. ಒಂದು ಮಗುವಿನ ತೋಳಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ದಾಟಿಸಿದರೂ ರಕ್ಷಣೆಯ ಗುಣ ಉಳಿಯುತ್ತದೆ ಎಂದು ತೋರಿಸಿದರು. ಅಂದರೆ ಪ್ರತಿ ಸಲ ರೋಗದ ಹಸು ಹುಡುಕಬೇಕಿಲ್ಲ. ಅದೇ ವರ್ಷ 23 ಪ್ರಕರಣಗಳ ಪುಸ್ತಕವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಹಸುವಿಗೆ ಲ್ಯಾಟಿನ್ ಭಾಷೆಯಲ್ಲಿ ವ್ಯಾಕ. ವ್ಯಾಕ್ಸಿನ್ ಎಂಬ ಪದ ಬಂದದ್ದು ಅಲ್ಲಿಂದ. ಬೇರೆ ರೋಗಗಳ ಲಸಿಕೆಗೂ ಇದೇ ಹೆಸರಿರಲಿ ಎಂದು ಮುಂದೆ ಸೂಚಿಸಿದವರು ಲೂಯಿ ಪಾಶ್ಚರ್.

ಇದು ಕೆಲಸ ಮಾಡಿದ್ದೇಕೆ ಎಂದು ಜೆನ್ನರ್‌ಗೆ ಗೊತ್ತಿರಲಿಲ್ಲ. ವೈರಸ್ ಎಂಬ ಕಲ್ಪನೆಯೇ ಆಗ ಇರಲಿಲ್ಲ. ಹಸುವಿನ ಸಿಡುಬಿನ ವೈರಸ್ಸೂ ಮನುಷ್ಯರ ಸಿಡುಬಿನ ವೈರಸ್ಸೂ ಒಂದೇ ಕುಟುಂಬದವು. ಸೌಮ್ಯವಾದ ದಾಯಾದಿಯನ್ನು ಒಮ್ಮೆ ಎದುರಿಸಿದ ದೇಹ ಅದರ ಗುರುತು ಇಟ್ಟುಕೊಳ್ಳುತ್ತದೆ, ಕ್ರೂರ ದಾಯಾದಿ ಬಂದಾಗ ಆ ಗುರುತಿನಿಂದಲೇ ಹಿಡಿದು ಹೊಡೆಯುತ್ತದೆ. ಇದರಲ್ಲೊಂದು ತಮಾಷೆಯಿದೆ. ಹಸುವಿಗೆ ಈ ರೋಗ ಮೂಲದಲ್ಲಿ ಕುದುರೆಯಿಂದ ಬರುತ್ತದೆ ಎಂದು ಜೆನ್ನರ್ ನಂಬಿದ್ದರು, ಬಹಳ ಜನ ನಕ್ಕಿದ್ದರು. 1902ರ ಒಂದು ಹಳೆಯ ಲಸಿಕೆಯ ಮಾದರಿಯನ್ನು ವಿಜ್ಞಾನಿಗಳು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಪ್ರಕಾರ, ಅದರಲ್ಲಿದ್ದ ವೈರಸ್ ಕುದುರೆ ಸಿಡುಬಿನ ವೈರಸ್ಸಿಗೇ ತುಂಬ ಹತ್ತಿರವಾದದ್ದು.

ಗುಡಿಸಿಲಿನ ಕ್ಲಿನಿಕ್

ಬರ್ಕ್ಲಿಯಲ್ಲಿ ಜೆನ್ನರ್ ಅವರ ಮನೆಯ ತೋಟದ ಮೂಲೆಯಲ್ಲಿ ಒರಟು ಮರದ ತುಂಡು, ತೊಗಟೆಯಿಂದ ಕಟ್ಟಿದ ಒಂದು ಗುಡಿಸಿಲಿತ್ತು. ಅದು ಇವತ್ತಿಗೂ ಇದೆ, ಮನೆ ಈಗ ವಸ್ತುಸಂಗ್ರಹಾಲಯ. ಅದಕ್ಕೆ ಅವರು ಲಸಿಕೆಯ ದೇಗುಲ ಎಂಬರ್ಥದ ಹೆಸರಿಟ್ಟಿದ್ದರು. ಊರಿನ ಬಡವರು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಬರುತ್ತಿದ್ದರು. ಕಾಸು ತೆಗೆದುಕೊಳ್ಳದೆ ಲಸಿಕೆ ಹಾಕುತ್ತಿದ್ದರು. ಜಗತ್ತಿನ ಮೊದಲ ಉಚಿತ ಲಸಿಕಾ ಕೇಂದ್ರಗಳಲ್ಲಿ ಒಂದು ಎಂದು ಅದನ್ನು ಕರೆದರೆ ತಪ್ಪಿಲ್ಲ.

ಚುಚ್ಚಿ ಕಳಿಸಿದರೆ ಮುಗಿಯಿತು ಎಂದು ಅವರು ಭಾವಿಸಿರಲಿಲ್ಲ. ಕೆಚ್ಚಲಿನ ಎಲ್ಲ ಗುಳ್ಳೆಯೂ ಒಂದೇ ಅಲ್ಲ, ಅಸಲಿ ಹಸುವಿನ ಸಿಡುಬು ಬೇರೆ, ಹಾಗೆ ಕಾಣುವ ನಕಲಿ ಬೇರೆ ಎಂದು ಪದೇಪದೇ ಎಚ್ಚರಿಸಿದರು. ರಸವನ್ನು ಗುಳ್ಳೆ ಎಳೆಯದಾಗಿದ್ದಾಗಲೇ ತೆಗೆಯಬೇಕು, ಹಳತಾಗಿ ಕೀವಾದ ಮೇಲೆ ತೆಗೆದರೆ ಪ್ರಯೋಜನವಿಲ್ಲ. ಲಸಿಕೆ ಹಾಕಿದ ತೋಳನ್ನು ದಿನ ಬಿಟ್ಟು ನೋಡಬೇಕು, ಗುಳ್ಳೆ ಸರಿಯಾದ ರೀತಿಯಲ್ಲಿ ಎದ್ದರಷ್ಟೇ ಲಸಿಕೆ ಹತ್ತಿತು ಎಂದು ಲೆಕ್ಕ. ಈ ಸೂಚನೆಗಳನ್ನು ಬರೆದು ಕೇಳಿದವರಿಗೆಲ್ಲ ಹಂಚಿದರು. ಒಣಗಿಸಿದ ರಸವನ್ನು ದಾರಕ್ಕೆ ಅಂಟಿಸಿ, ಗಾಜಿನ ಚೂರುಗಳ ನಡುವೆ ಇಟ್ಟು ದೇಶವಿದೇಶಕ್ಕೆ ಅಂಚೆಯಲ್ಲಿ ಕಳಿಸಿದರು. ಗುಟ್ಟಾಗಿ ಇಟ್ಟುಕೊಂಡಿದ್ದರೆ ದೊಡ್ಡ ಸಾಹುಕಾರರಾಗಬಹುದಿತ್ತು. ವೈದ್ಯವೃತ್ತಿಯ ಸಂಪಾದನೆಯೇ ಕುಸಿಯಿತು. ಪಾರ್ಲಿಮೆಂಟು 1802ರಲ್ಲಿ 10,000 ಪೌಂಡ್, 1807ರಲ್ಲಿ ಇನ್ನೂ 20,000 ಪೌಂಡ್ ಕೊಟ್ಟ ಮೇಲೆ ಸುಧಾರಿಸಿಕೊಂಡರು. ಭಾರತದಲ್ಲಿದ್ದ ಇಂಗ್ಲಿಷರೂ ಇತರರೂ ಚಂದಾ ಎತ್ತಿ 7,000 ಪೌಂಡ್‌ಗೂ ಹೆಚ್ಚು ಕಳಿಸಿಕೊಟ್ಟರು.

ಅಸಲಿ ನಕಲಿಯ ಎಚ್ಚರಿಕೆ ಸುಮ್ಮನೆ ಕೊಟ್ಟದ್ದಲ್ಲ. ಸಿಡುಬು ರೋಗಿಗಳೇ ತುಂಬಿದ್ದ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ 1799ರಲ್ಲಿ ಲಸಿಕೆ ಹಾಕಿದಾಗ ಅಸಲಿ ಸಿಡುಬು ಅದರೊಳಗೆ ಬೆರೆತು, ಲಸಿಕೆ ಹಾಕಿಸಿಕೊಂಡ ಹಲವರ ಮೈತುಂಬ ಗುಳ್ಳೆ ಎದ್ದವು. ಇನ್ನೊಂದು ಕೇಡು ತಡವಾಗಿ ತಿಳಿಯಿತು. ತೋಳಿನಿಂದ ತೋಳಿಗೆ ದಾಟಿಸುವಾಗ ಸಿಫಿಲಿಸ್‌ನಂಥ ರೋಗವೂ ದಾಟಬಹುದಿತ್ತು, 1861ರಲ್ಲಿ ಇಟಲಿಯ ರಿವಾಲ್ಟ ಎಂಬಲ್ಲಿ ಮಕ್ಕಳಿಗೆ ಹಾಗೆಯೇ ಆಯಿತು. ಆಮೇಲೆ ಕರುಗಳ ಮೈಮೇಲೆ ಲಸಿಕೆ ಬೆಳೆಸುವ ಪದ್ಧತಿ ಬಂತು. ಆಗಿನ ಲಸಿಕೆಗೆ ಅಪಾಯವೇ ಇರಲಿಲ್ಲ ಎನ್ನುವುದೂ ಸುಳ್ಳೇ. ಕೇಡು ಕಂಡಾಗ ಅದನ್ನು ಹುಡುಕಿ ಸರಿಪಡಿಸಿದ ಕಾರಣಕ್ಕೇ ಲಸಿಕೆ ಉಳಿಯಿತು.

ಈಗ ಮಗನ ಕಥೆ. ಹಸುವಿನ ಸಿಡುಬಿಗೂ ಮೊದಲು, 1789ರಲ್ಲೇ, ಹಂದಿ ಸಿಡುಬು ಎಂದು ಕರೆಯುತ್ತಿದ್ದ ರೋಗದ ರಸವನ್ನು ಜೆನ್ನರ್ ತಮ್ಮ ದೊಡ್ಡ ಮಗನಿಗೇ ಚುಚ್ಚಿ ನೋಡಿದ್ದರು. ಎರಡನೇ ಮಗ ರಾಬರ್ಟ್‌ಗೆ ಹನ್ನೊಂದು ತಿಂಗಳಾಗಿದ್ದಾಗ, 1798ರಲ್ಲಿ, ಹಸುವಿನ ಸಿಡುಬಿನ ಲಸಿಕೆ ಹಾಕಿದರು. ಅದು ಹತ್ತಲಿಲ್ಲ. ಮುಂದೆ ಆ ಮಗು ಸಿಡುಬಿನ ಸಂಪರ್ಕಕ್ಕೆ ಬಂದಾಗ ಲಸಿಕೆಯ ರಸ ಕೈಯಲ್ಲಿರಲಿಲ್ಲ. ಬೇರೆ ದಾರಿಯಿಲ್ಲದೆ ಹಳೇ ಪದ್ಧತಿಯಂತೆ ಕೀವನ್ನೇ ಚುಚ್ಚಿಸಬೇಕಾಯಿತು. ವಿರೋಧಿಗಳು ಇಷ್ಟನ್ನೇ ಹಿಡಿದುಕೊಂಡರು. ಜೆನ್ನರ್‌ಗೇ ತನ್ನ ಲಸಿಕೆಯಲ್ಲಿ ನಂಬಿಕೆಯಿಲ್ಲ ಎಂದು ಸಾರಿದರು. ಮೊದಲು ಲಸಿಕೆ ಹಾಕಿಯೇ ಇದ್ದರು ಎನ್ನುವ ಸಾಲು ಆಗಲೂ ಬಿಟ್ಟುಹೋಯಿತು, ಇಂದಿನ ಫಾರ್ವರ್ಡಿನಲ್ಲೂ ಬಿಟ್ಟುಹೋಗಿದೆ.

ವಾಟ್ಸ್‌ಆ್ಯಪ್ ಇರದ ಕಾಲದಲ್ಲೂ ವದಂತಿಗೆ ಬರವಿರಲಿಲ್ಲ. ಲಸಿಕೆ ಹಾಕಿಸಿಕೊಂಡ ಮಕ್ಕಳಿಗೆ ಕೊಂಬು ಬರುತ್ತದೆ, ಮುಖ ದನದ ಹಾಗಾಗುತ್ತದೆ ಎಂದು ಓದುಬರಹ ಬಲ್ಲವರೇ ಹೇಳಿದರು. ಜೇಮ್ಸ್ ಗಿಲ್ರೇ 1802ರಲ್ಲಿ ಬರೆದ ವ್ಯಂಗ್ಯಚಿತ್ರದಲ್ಲಿ ಲಸಿಕೆ ಹಾಕಿಸಿಕೊಂಡವರ ಮೂಗು, ತೋಳು, ಬೆನ್ನಿನಿಂದ ಪುಟ್ಟ ಹಸುಗಳು ಹೊರಬರುತ್ತಿವೆ. ಚಿತ್ರ ಇಂಟರ್ನೆಟ್ಟಿನಲ್ಲಿ ಸುಲಭವಾಗಿ ಸಿಗುತ್ತದೆ, ನೋಡಿ. ನಗು ಬರುತ್ತದೆ. ಮಗುವನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತಿದ್ದ ತಾಯಿಗೆ ಬಂದಿರಲಿಕ್ಕಿಲ್ಲ.

ಮುಂಬೈಗೆ ಬಂತು, ಮೈಸೂರಿಗೂ ಬಂತು

ಹಡಗಿನಲ್ಲಿ ತಿಂಗಳುಗಟ್ಟಲೆ ಬರುವಷ್ಟರಲ್ಲಿ ರಸ ಕೆಟ್ಟುಹೋಗುತ್ತಿತ್ತು. ಸ್ಪೇನ್ 1803ರಲ್ಲಿ ಅಮೆರಿಕ ಖಂಡಕ್ಕೆ ಲಸಿಕೆ ಕಳಿಸಲು ಹಡಗಿನಲ್ಲಿ 22 ಅನಾಥ ಬಾಲಕರನ್ನು ಕರೆದೊಯ್ದು, ಒಬ್ಬರಿಂದ ಒಬ್ಬರಿಗೆ ದಾಟಿಸುತ್ತ ಅದನ್ನು ಜೀವಂತ ಇಟ್ಟಿತು. ಭಾರತಕ್ಕೆ ಅದು ವಿಯೆನ್ನಾ, ಕಾನ್‌ಸ್ಟಾಂಟಿನೋಪಲ್, ಬಾಗ್ದಾದ್, ಬಸ್ರಾ ಮೂಲಕ ಬಂತು. 1802ರ ಜೂನ್ 14ರಂದು ಮುಂಬೈಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಗೆ ಹಾಕಿದ ಲಸಿಕೆ ಹತ್ತಿತು. ಅವಳ ತೋಳಿನಿಂದ ಬೇರೆ ಮಕ್ಕಳಿಗೆ, ಅವರಿಂದ ದೇಶದ ಬೇರೆ ಭಾಗಗಳಿಗೆ.

ಹಸು ಪೂಜಿಸುವ ನಾಡು, ಹಸುವಿನಿಂದ ಬಂದದ್ದನ್ನು ಸಂತೋಷವಾಗಿ ಒಪ್ಪುತ್ತಾರೆ ಎಂದು ಇಂಗ್ಲಿಷರು ಎಣಿಸಿದ್ದರು. ಹಾಗಾಗಲಿಲ್ಲ. ಬೇರೆ ಜಾತಿಯ ಮಗುವಿನ ಮೈಯಿಂದ ತೆಗೆದ ರಸ ಎಂಬ ಹಿಂಜರಿಕೆ ಇತ್ತು, ಸಿಡುಬಿನ ಅಮ್ಮ ಮುನಿಯುತ್ತಾಳೆ ಎಂಬ ಭಯ ಇತ್ತು, ಟೀಕಾದಾರರಿಗೆ ಹೊಟ್ಟೆಪಾಡಿನ ಚಿಂತೆ ಇತ್ತು. ಆಗ ಹುಟ್ಟಿದ್ದೇ ಧನ್ವಂತರಿಯ ಕಥೆ. 1819ರ ಜನವರಿಯಲ್ಲಿ ಮದ್ರಾಸ್ ಕೊರಿಯರ್ ಪತ್ರಿಕೆಯಲ್ಲಿ ಸುಳ್ಳು ಹೆಸರಿನ ಪತ್ರವೊಂದು ಅಚ್ಚಾಯಿತು. ಹಸುವಿನ ಕೆಚ್ಚಲಿನ ರಸದಿಂದ ಸಿಡುಬು ತಡೆಯುವ ವಿಧಾನ ಧನ್ವಂತರಿಯದೆಂಬ ಹಳೇ ಗ್ರಂಥವೊಂದರಲ್ಲಿದೆ ಎಂದು ಅದರಲ್ಲಿತ್ತು. ಅಂಥ ಗ್ರಂಥ ಯಾರಿಗೂ ಸಿಕ್ಕಿಲ್ಲ. ಸಂಸ್ಕೃತ ವೈದ್ಯಗ್ರಂಥಗಳ ವಿದ್ವಾಂಸ ಡೊಮಿನಿಕ್ ವುಯಾಸ್ಟಿಕ್ ಇದರ ಬೆನ್ನು ಹತ್ತಿ, ಜನರಿಗೆ ಲಸಿಕೆಯಲ್ಲಿ ನಂಬಿಕೆ ಬರಲಿ ಎಂದು ಹೆಣೆದ ಕಥೆ ಇದು ಎಂದು ತೋರಿಸಿದ್ದಾರೆ. ಅನುಮಾನ ಹೋಗುವುದು ಮದ್ರಾಸಿನ ಇಂಗ್ಲಿಷ್ ಅಧಿಕಾರಿ, ಭಾಷಾವಿದ್ವಾಂಸ ಎಲ್ಲಿಸ್ ಕಡೆಗೆ. ಅಂದರೆ ನಮ್ಮ ಪ್ರಾಚೀನ ಹೆಮ್ಮೆಯೆಂದು ಇಂದು ಹಂಚಿಕೊಳ್ಳುವ ಸಂದೇಶ, ಲಸಿಕೆ ಹಾಕಿಸಲು ಇಂಗ್ಲಿಷರ ಕಾಲದಲ್ಲಿ ಹುಟ್ಟಿದ ಜಾಹೀರಾತು. ಸಿಡುಬಿನ ಕೀವು ಚುಚ್ಚುವ ಟೀಕಾದ ಪರಂಪರೆ ಮಾತ್ರ ನಿಜವಾಗಿಯೂ ನಮ್ಮದು. ಹೆಮ್ಮೆಪಡಲು ಅದು ಸಾಕಷ್ಟಿದೆ.

ಮೈಸೂರಿನ ಕಥೆ ಇನ್ನೂ ಸೊಗಸು. ಥಾಮಸ್ ಹಿಕಿ ಎಂಬ ಕಲಾವಿದ 1805ರ ಸುಮಾರಿಗೆ ಮೂವರು ರಾಜಮನೆತನದ ಹೆಂಗಸರ ತೈಲಚಿತ್ರ ಬರೆದಿದ್ದಾನೆ. ಬಲಗಡೆಯ ಕಿರಿಯ ಹೆಣ್ಣುಮಗಳು ಸೆರಗನ್ನು ಸರಿಸಿ ತೋಳಿನ ಒಂದು ಜಾಗ ತೋರಿಸುವಂತಿದ್ದಾಳೆ. ಎಡಗಡೆಯವಳ ಮೂಗು ಬಾಯಿಯ ಸುತ್ತ ಬಣ್ಣ ತುಸು ಮಾಸಿದೆ. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಪ್ರಕಾರ ಕಿರಿಯವಳು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗ. ಎಡಗಡೆಯವರದು ಹಳೇ ಪದ್ಧತಿಯ ಗುರುತು. ನಡುವೆ ನಿಂತವರು ರಾಜರ ಅಜ್ಜಿ ಲಕ್ಷ್ಮಮ್ಮಣ್ಣಿ. ಇದು ಒಬ್ಬ ವಿದ್ವಾಂಸರ ಓದು ಎಂಬುದನ್ನು ಮರೆಯಬಾರದು. ಅದು ಸರಿಯಾದರೆ, ಅರಮನೆಯವರೇ ಹಾಕಿಸಿಕೊಂಡಿದ್ದಾರೆ, ನೀವೂ ಹಾಕಿಸಿ ಎಂದು ಪ್ರಜೆಗಳಿಗೆ ಹೇಳುವ ಚಿತ್ರ ನಮ್ಮ ಮೈಸೂರಿನದು.

ಜೆನ್ನರ್ ಎಡವಿದ್ದು

ಒಮ್ಮೆ ಹಾಕಿಸಿದರೆ ಜೀವಮಾನಪೂರ್ತಿ ರಕ್ಷಣೆ ಎಂದು ಜೆನ್ನರ್ ಕೊನೆಯವರೆಗೂ ನಂಬಿದ್ದರು. ಅದು ತಪ್ಪು. ವರ್ಷಗಳು ಕಳೆದಂತೆ ರಕ್ಷಣೆ ಕುಂದುತ್ತದೆ. ಲಸಿಕೆ ಹಾಕಿಸಿಕೊಂಡಿದ್ದ ದೊಡ್ಡವರಿಗೆ ಸಿಡುಬು ಬಂದಾಗ ಜನ ಲಸಿಕೆಯೇ ಮೋಸ ಎಂದರು. ಮತ್ತೆ ಹಾಕಿಸಬೇಕು ಎನ್ನುವುದು ಆಮೇಲೆ ಸ್ಪಷ್ಟವಾಯಿತು. ಜರ್ಮನಿ 1874ರಲ್ಲಿ ಮಕ್ಕಳಿಗೆ ಎರಡನೇ ಸಲ ಹಾಕಿಸುವುದನ್ನು ಕಾನೂನು ಮಾಡಿತು. ನಿಮ್ಮ ಮನೆಯ ತಾಯಿ ಕಾರ್ಡ್ ತೆಗೆದು ನೋಡಿದರೆ ಈ ಪಾಠದ ಗುರುತು ಕಾಣುತ್ತದೆ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ ಮಗುವಿಗೆ ಆರು, ಹತ್ತು, ಹದಿನಾಲ್ಕನೇ ವಾರದಲ್ಲಿ ಕೊಟ್ಟರೂ, 16ರಿಂದ 24 ತಿಂಗಳ ನಡುವೆ ಒಮ್ಮೆ, 5ರಿಂದ 6 ವರ್ಷಕ್ಕೆ ಇನ್ನೊಮ್ಮೆ ಬೂಸ್ಟರ್ ಇದೆ. ದಡಾರದ ಲಸಿಕೆಗೂ ಎರಡು ಡೋಸ್. ಮೊದಲ ವರ್ಷದ್ದೆಲ್ಲ ಹಾಕಿಸಿ ಆಮೇಲಿನದ್ದನ್ನು ಮರೆಯುವ ಮನೆಗಳು ಬಹಳ. ತಪ್ಪಿಹೋಗಿದ್ದರೆ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರನ್ನೋ ಕೇಳಿ. ಹೆಚ್ಚಿನವನ್ನು ತಡವಾಗಿಯಾದರೂ ಹಾಕುತ್ತಾರೆ, ಮೊದಲಿನಿಂದ ಶುರುಮಾಡಬೇಕಾಗಿಲ್ಲ.

ಹೆಸರು ದೊಡ್ಡದಾದರೂ ಜೆನ್ನರ್ ಅವರ ಮನೆ ಸುಖವಾಗಿರಲಿಲ್ಲ. ದೊಡ್ಡ ಮಗ 1810ರಲ್ಲಿ ಇಪ್ಪತ್ತೊಂದನೇ ವಯಸ್ಸಿನಲ್ಲಿ ಕ್ಷಯದಿಂದ ತೀರಿಕೊಂಡ. ಹೆಂಡತಿ ಕ್ಯಾಥರೀನ್ 1815ರಲ್ಲಿ ಅದೇ ರೋಗಕ್ಕೆ ಹೋದರು. ಒಂದು ರೋಗವನ್ನು ಜಗತ್ತಿಗೇ ತಡೆದ ಮನುಷ್ಯ ಇನ್ನೊಂದರ ಮುಂದೆ ಕೈಕಟ್ಟಿ ನಿಂತರು. ಆಮೇಲೆ ಅವರು ಬರ್ಕ್ಲಿ ಬಿಟ್ಟು ಹೊರಗೆ ಹೋದದ್ದು ಕಡಿಮೆ. ರೋಗಿಗಳನ್ನು ನೋಡುವುದು, ಊರ ನ್ಯಾಯ ಹೇಳುವುದು, ವಲಸೆ ಹಕ್ಕಿಗಳ ಮೇಲೆ ಬರೆಯುವುದು. ಮೊದಲ ಲಸಿಕೆ ಹಾಕಿಸಿಕೊಂಡ ಜೇಮ್ಸ್ ಫಿಪ್ಸ್ ದೊಡ್ಡವನಾಗಿ ಮದುವೆಯಾದ ಮೇಲೆ ಅವನಿಗೆ ಬಾಡಿಗೆಯಿಲ್ಲದೆ ಒಂದು ಮನೆ ಕೊಟ್ಟರು. 1823ರ ಜನವರಿ 26ರಂದು ಪಾರ್ಶ್ವವಾಯು ಬಡಿದು ತೀರಿಕೊಂಡಾಗ ಅಂತ್ಯಕ್ರಿಯೆಗೆ ಬಂದವರಲ್ಲಿ ಫಿಪ್ಸ್ ಕೂಡ ಇದ್ದ.

ಬ್ರಿಟನ್ 1840ರಲ್ಲಿ ಕೀವು ಚುಚ್ಚುವ ಹಳೇ ಪದ್ಧತಿಯನ್ನು ನಿಷೇಧಿಸಿ, ಬಡವರಿಗೆ ಉಚಿತ ಲಸಿಕೆ ತಂದಿತು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣಗಳು ಕಂಡದ್ದು 1975ರಲ್ಲಿ. ಜಗತ್ತಿನಲ್ಲಿ ಸಹಜವಾಗಿ ಹರಡಿದ ಕೊನೆಯ ಪ್ರಕರಣ 1977ರ ಅಕ್ಟೋಬರ್‌ನಲ್ಲಿ ಸೊಮಾಲಿಯಾದಲ್ಲಿ. 1980ರ ಮೇ 8ರಂದು ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಸಿಡುಬು ಭೂಮಿಯಿಂದ ಹೋಯಿತು ಎಂದು ಘೋಷಿಸಿತು. ಮಕ್ಕಳಿಗೆ ಮೈಲಿ ಹಾಕಿಸುವುದೂ ನಿಂತುಹೋಯಿತು. ಅಜ್ಜ ಅಜ್ಜಿಯರ ತೋಳಿನಲ್ಲಿ ಕಾಣುವ ದುಂಡಗಿನ ದೊಡ್ಡ ಕಲೆ ಅದರದ್ದೇ. ನೀವು ಎಂಬತ್ತರ ದಶಕದ ನಂತರ ಹುಟ್ಟಿದವರಾದರೆ, ನಿಮ್ಮ ಎಡತೋಳಿನ ಸಣ್ಣ ಕಲೆ ಸಿಡುಬಿನ ಲಸಿಕೆಯದಲ್ಲ. ಅದು ಹುಟ್ಟಿದ ಹೊಸದರಲ್ಲಿ ಕೊಡುವ ಬಿಸಿಜಿಯದು. ಜೆನ್ನರ್ ಅವರ ಮನೆಯ ಇಬ್ಬರನ್ನು ಒಯ್ದ ಕ್ಷಯರೋಗಕ್ಕೆ ಇರುವ ಲಸಿಕೆ ಅದು.